ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆದ ಮೇಲೆ: ಫಿಸಿಯೋ ಮೇಡಂಗೆ ಕೇಳಿ

ಅಡ್ಮಿನ್, ಧಾರವಾಡ: ಎಸಿಎಲ್ (ಮೊಣಕಾಲೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ನಾರು) ಆಪರೇಷನ್ ಆದವರಿಗೆ ಮುಂದೆ ತೊಂದರೆ ಬರದಂತೆ ಏನು ಮಾಡಬೇಕು? ಇವತ್ತು ಹುಬ್ಬಳ್ಳಿಯ ಫಿಸಿಯೋ ಮೇಡಂ ಉತ್ತರಿಸುತ್ತಾರೆ.

ನವಲಗುಂದದ ತಂದೆ: ಮಗನಿಗೆ ಆಪರೇಷನ್ ಆಗಿ ವಾರ ಆಯ್ತು ಮೇಡಂ. ಮೊಣಕಾಲ ಕೆಳಗೆ ದಿಂಬು ಇಟ್ಟರೆ ಆರಾಮ ಅಂತಾನೆ. ಇಡಬಹುದಾ?

ಫಿಸಿಯೋ: ಬೇಡ ಸರ್. ಹಿಮ್ಮಡಿ ಕೆಳಗೆ ಇಡಿ, ಮೊಣಕಾಲು ಪೂರ್ತಿ ನೆಟ್ಟಗಾಗಲಿ. ಮಡಚಿಕೊಂಡೇ ಇದ್ದರೆ ಹಾಗೇ ಬಿಗಿಯುತ್ತದೆ, ಆಮೇಲೆ ಕುಂಟುತ್ತಾನೆ. ಐಸನ್ನು ಬಟ್ಟೆ ಸುತ್ತಿ 15–20 ನಿಮಿಷ ಇಡಿ.

ಗದಗದ ಗೃಹಿಣಿ: ನಮ್ಮವರಿಗೆ ಇದು ಎರಡನೇ ವಾರ. ನಿನ್ನೆಯಿಂದ ಅದೇ ಕಾಲಿನ ಮೀನಖಂಡ ಊದಿ ಗಟ್ಟಿಯಾಗಿದೆ. ಮೈದುನ ಔಡಲ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಾನೆ. ತಿಕ್ಕಿದಷ್ಟೂ ನೋವು ಜಾಸ್ತಿ.

ಫಿಸಿಯೋ: ಅಕ್ಕಾ, ತಿಕ್ಕುವುದನ್ನು ಈಗಲೇ ನಿಲ್ಲಿಸಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಪರೇಷನ್ ಆಗಿ ಓಡಾಟ ಕಡಿಮೆಯಾದಾಗ ಕಾಲಿನಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ, ಆಗ ಹೀಗಾಗುತ್ತದೆ. ತಿಕ್ಕಿದಾಗ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸ್ವಲ್ಪ ಊತ, ಕೆಳಗೆ ಇಳಿಯುವ ನೀಲಿ ಕಲೆ ಸಹಜ. ಆದರೆ ಮೀನಖಂಡ ಗಟ್ಟಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದರೆ ಮನೆಯಲ್ಲಿ ಕೂತು ಊಹಿಸಬಾರದು. ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿದರೆ ಗೊತ್ತಾಗುತ್ತದೆ. ಹೆಪ್ಪು ಇದ್ದರೆ ಅದಕ್ಕೆ ಔಷಧ ಇದೆ, ಹೆದರಬೇಡಿ, ತಡ ಮಾತ್ರ ಮಾಡಬೇಡಿ. ಆಪರೇಷನ್ ಮಾಡಿದ ಡಾಕ್ಟರ್ ಬೇರೆ ಊರಲ್ಲಿದ್ದರೆ ಅವರಿಗೆ ಫೋನ್ ಮಾಡುತ್ತಲೇ ಗದಗದ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ತುರ್ತು ವಿಭಾಗಕ್ಕೆ ಹೊರಡಿ. ಡಿಸ್ಚಾರ್ಜ್ ಪೇಪರ್ ಒಯ್ಯಿರಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ಹಾವೇರಿ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. "ಎಕ್ಕೆ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಿ. ಏಳು ದಿನದಲ್ಲಿ ಲಿಗಮೆಂಟ್ ಕೂಡುತ್ತದೆ. ಎಲ್ಲರಿಗೂ ಕಳಿಸಿ."

ಫಿಸಿಯೋ: ದಯವಿಟ್ಟು ಅಳಿಸಿ. ಎಕ್ಕೆ ಹಾಲು ತಾಗಿದರೆ ಚರ್ಮ ಉರಿದು ಗುಳ್ಳೆ ಏಳುತ್ತದೆ. ಹೊಲಿಗೆ ಮಾಯುವ ಮೊದಲೇ ಎಲೆ ಕಟ್ಟಿದರೆ ಸೋಂಕು ಕೀಲಿಗೂ ಇಳಿಯಬಹುದು. ಜ್ವರ, ಕೀವು, ದಿನೇ ದಿನೇ ಏರುವ ನೋವು ಕಂಡರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಹಾವೇರಿ ಸದಸ್ಯ: ನಮ್ಮ ಅಜ್ಜ ಇದರಿಂದಲೇ ಎದ್ದು ಓಡಾಡಿದರು. ನಿಮಗೆ ನಮ್ಮ ಪದ್ಧತಿ ಕಂಡರೆ ಆಗಲ್ಲ.

ಧಾರವಾಡದ ಕೋಚ್: ಅಜ್ಜನ ಮೊಣಕಾಲಲ್ಲಿ ಆಪರೇಷನ್ ಮಾಡಿ ಹಾಕಿದ ಸ್ಕ್ರೂ ಇತ್ತಾ? ಉಳುಕೇ ಬೇರೆ, ಆಪರೇಷನ್ನೇ ಬೇರೆ.

ಹಾವೇರಿ ಸದಸ್ಯ: ನೀವು ಡಾಕ್ಟರಾ?

ಕೋಚ್: ಅಲ್ಲ. ತಿಕ್ಕಿಸಿಕೊಂಡು ಕಾಲು ಕೆಡಿಸಿಕೊಂಡ ಹುಡುಗರನ್ನು ಗರಡಿಯಲ್ಲಿ ನೋಡಿದವನು.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಶಿಗ್ಗಾವಿ ಕಬಡ್ಡಿ ಆಟಗಾರ: ಆರು ತಿಂಗಳಾಯ್ತು, ನೋವಿಲ್ಲ. ಜಾತ್ರೆ ಪಂದ್ಯ ಆಡಲಾ?

ಫಿಸಿಯೋ: ಬೇಡ ತಮ್ಮಾ. ನೋವಿಲ್ಲ ಅಂದರೆ ಗಟ್ಟಿಯಾಯ್ತು ಅಂತಲ್ಲ. ಆಪರೇಷನ್‌ನಲ್ಲಿ ಲಿಗಮೆಂಟ್ ಬದಲಿಗೆ ಕೂರಿಸಿದ ನಾರು ಒಳಗೆ ಬಲಿಯಲು ಸಮಯ ಬೇಕು. ಕನಿಷ್ಠ 9 ತಿಂಗಳು ತಡೆ. ಆಗಲೂ ತೊಡೆಯ ಬಲ ಮತ್ತು ಒಂಟಿಕಾಲ ಜಿಗಿತ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕು.

ಲಕ್ಷ್ಮೇಶ್ವರದ ಸದಸ್ಯ: ಬೈಕ್ ಯಾವಾಗ ಓಡಿಸಬಹುದು? ಫಿಸಿಯೋ ಖರ್ಚು ವಿಮೆಯಲ್ಲಿ ಬರುತ್ತಾ?

ಕುಂದಗೋಳದ ಸದಸ್ಯೆ: ಮೊಣಕಾಲ ಕೆಳಗೆ ದಿಂಬು ಇಡಬಹುದಾ ಮೇಡಂ?

ಫಿಸಿಯೋ: ಮೇಲೆ ಬರೆದಿದ್ದೇನೆ, ಓದಿ.

ಹಾವೇರಿ ಸದಸ್ಯ: ಎಕ್ಕೆ ಬೇಡ ಅಂದರೆ ನುಗ್ಗೆ ಎಲೆ?

ಫಿಸಿಯೋ: ಹೊಲಿಗೆ ಮೇಲೆ ಯಾವ ಎಲೆಯೂ ಬೇಡ. ಎಲೆ ಬಗ್ಗೆ ಇನ್ನು ಉತ್ತರಿಸುವುದಿಲ್ಲ. ಗದಗದ ಅಕ್ಕಾ, ಹೊರಟಿರಾ?

ಗದಗದ ಗೃಹಿಣಿ: ಆಟೋದಲ್ಲಿದ್ದೇವೆ. ಮೈದುನನೂ ಬಂದಿದ್ದಾನೆ.

ಫಿಸಿಯೋ: ಒಳ್ಳೆಯದಾಯ್ತು. ಎಣ್ಣೆ ಹಾಕಿ ತಿಕ್ಕಿದ್ದನ್ನೂ ಅಲ್ಲಿ ಹೇಳಿ, ಮುಚ್ಚಿಡಬೇಡಿ. ಸ್ಕ್ಯಾನ್ ಇವತ್ತೇ ಆಗುತ್ತಾ ಅಂತ ಕೇಳಿ.