ಗಡ್ಡೆ ಆಪರೇಷನ್ ಆಗಿ ಐದನೇ ವಾರ: ಮಾತು ಅರ್ಥವಾಗುತ್ತೆ, ತಿರುಗಿ ಹೇಳೋಕೆ ಆಗ್ತಿಲ್ಲ

ಕೊಂಡಜ್ಜಿ_ದಾರಿ (ವಾಕ್ ಚಿಕಿತ್ಸೆ, ದಾವಣಗೆರೆ)

ನನ್ನ ರೋಗಿಯೊಬ್ಬರಿಗೆ ಎಡ ಮೆದುಳಿನ ಟೆಂಪೊರಲ್ ಭಾಗದ (ಕಿವಿಯ ಪಕ್ಕದ ಭಾಗ) ಹಿಂಬದಿಯಿಂದ ಗ್ಲಿಯೋಮಾ ಎಂಬ ಮೆದುಳಿನ ಗಡ್ಡೆ ತೆಗೆದಿದ್ದಾರೆ. ವಯಸ್ಸು ಐವತ್ತರ ಆಸುಪಾಸು, ಬಲಗೈ ರೂಢಿ, ಮನೆಮಾತು ಕನ್ನಡ. 'ಚಮಚ ತಗೊಂಡು ಲೋಟದ ಪಕ್ಕ ಇಡಿ' ಅಂದರೆ ಸರಿಯಾಗಿ ಇಡುತ್ತಾರೆ. ತಾವಾಗಿ ಆಡುವ ಮಾತಿಗೂ ತಡೆಯಿಲ್ಲ, ನಡುನಡುವೆ ಅಕ್ಷರ ತಪ್ಪುತ್ತದೆ ಅಷ್ಟೆ. ಆದರೆ 'ಮಂಡಕ್ಕಿ' ಅನ್ನಿ ಅಂದರೆ 'ಮಕ್ಕಂಡಿ, ಮಂತಕ್ಕಿ, ಮಂಡತ್ತಿ' ಅಂತ ತಾವೇ ತಿದ್ದಿಕೊಳ್ಳುತ್ತಾ ಹೋಗಿ ಕೊನೆಗೆ ಕೈಚೆಲ್ಲುತ್ತಾರೆ.

ಆಪರೇಷನ್ನಿಗೆ ಮುಂಚಿನ ಡಿಟಿಐನಲ್ಲಿ (ನರದ ಎಳೆಗಳ ದಾರಿ ಅಂದಾಜಿಸುವ ಎಂಆರ್‌ಐ) ಆರ್ಕ್ಯುಯೇಟ್ ಎಳೆಗಳು, ಅಂದರೆ ಟೆಂಪೊರಲ್ ಭಾಗವನ್ನು ಮುಂಭಾಗಕ್ಕೆ ಜೋಡಿಸುವ ಮಾತಿನ ಕಟ್ಟು, ಗಡ್ಡೆಯ ಅಂಚಿಗೇ ಇದ್ದವು. ನಂತರದ ಚಿತ್ರದಲ್ಲಿ ಕಾಣುತ್ತಿಲ್ಲ. ತುಂಡಾಗಿದೆ ಎಂದೇ ತಿಳಿಯಬೇಕಾ? ಜಗಳೂರು ಕಡೆಯಿಂದ ವಾರಕ್ಕೆ ಒಂದೇ ದಿನ ಬರಲು ಸಾಧ್ಯ. ಏನು ಮಾಡಿಸಬೇಕು?

ಏಳುಸುತ್ತು (ರೇಡಿಯಾಲಜಿ, ಚಿತ್ರದುರ್ಗ)

ಮೇಡಂ, ಎಳೆ ಕಾಣದಿದ್ದರೆ ಎಳೆ ಇಲ್ಲ ಅಂತಲ್ಲ. ಡಿಟಿಐ ತೋರಿಸುವುದು ನರದ ಎಳೆಯನ್ನಲ್ಲ, ನೀರಿನ ಕಣ ಯಾವ ದಿಕ್ಕಿಗೆ ಸಲೀಸಾಗಿ ಸರಿಯುತ್ತದೆ ಅನ್ನುವ ಲೆಕ್ಕವನ್ನು. ಬಾವು, ಕುಳಿಯಲ್ಲಿ ಉಳಿದ ರಕ್ತ, ಗಾಳಿ ಇದ್ದರೆ ಆ ಲೆಕ್ಕ ಕೆಡುತ್ತದೆ. ನೀರು ಎಷ್ಟರಮಟ್ಟಿಗೆ ಒಂದೇ ದಿಕ್ಕಿಗೆ ಸರಿಯುತ್ತದೆ ಅನ್ನುವ ಅಂಕಿಯೇ ಎಫ್‌ಎ; ಗೆರೆ ಎಳೆಯಲು ಅದರ ಕನಿಷ್ಠ ಮಿತಿಯನ್ನು ಸಾಮಾನ್ಯವಾಗಿ 0.2ಕ್ಕೆ ಇಟ್ಟಿರುತ್ತಾರೆ, ಬಾವು ಬಂದ ಜಾಗದಲ್ಲಿ ಬೆಲೆ ಅದಕ್ಕಿಂತ ಇಳಿದು ಗೆರೆ ಅಲ್ಲೇ ನಿಂತುಬಿಡುತ್ತದೆ. 0.1–0.15ಕ್ಕೆ ಇಳಿಸಿ ಮತ್ತೆ ಓಡಿಸಲು ಹೇಳಿ. ಇಳಿಸಿದಾಗ ಸುಳ್ಳು ಗೆರೆಗಳೂ ಬರುತ್ತವೆ, ಆದ್ದರಿಂದ ದಿಕ್ಕಿಗೊಂದು ಬಣ್ಣ ಕೊಟ್ಟ ನಕ್ಷೆಯ ಕೊರೋನಲ್ ಸೀಳನ್ನೂ (ಎದುರಿನಿಂದ ಕಾಣುವ ಸೀಳು) ನೋಡಿ. ಮೇಲೆ-ಕೆಳಗೆ ಹರಿಯುವ ನೀಲಿ ಬಣ್ಣದ ಕೊರೋನಾ ರೇಡಿಯಾಟಾ ಎಂಬ ಎಳೆಕಟ್ಟಿನ ಹೊರಮಗ್ಗುಲಿಗೆ ಹಸಿರು ತ್ರಿಕೋನ ಕಂಡರೆ, ಮುಂದಕ್ಕೆ ಹೋಗುವ ಕಟ್ಟು ಅಷ್ಟರಮಟ್ಟಿಗೆ ಉಳಿದಿದೆ. ಕೆಳಗೆ ಟೆಂಪೊರಲ್ ಕಡೆಗೆ ಬಾಗುವ ತಿರುವನ್ನು ಮಾತ್ರ ಬೇರೆಯಾಗಿಯೇ ನೋಡಬೇಕು.

ಇದಕ್ಕಿಂತ ಮುಖ್ಯವಾದದ್ದು ಆಪರೇಷನ್ ಆಗಿ 48–72 ಗಂಟೆಯೊಳಗೆ ತೆಗೆದ ಎಂಆರ್‌ಐ. ಕುಳಿಯ ಅಂಚಿನಲ್ಲಿ ಡಿಫ್ಯೂಷನ್ ಚಿತ್ರ (ನೀರಿನ ಚಲನೆ ತೋರಿಸುವಂಥದ್ದು) ಬೆಳ್ಳಗೆ, ಅದರ ಜೊತೆಗಿನ ಎಡಿಸಿ ನಕ್ಷೆ ಕಪ್ಪಗೆ ಇದ್ದರೆ ಅಲ್ಲಿ ರಕ್ತಪೂರೈಕೆ ನಿಂತಿದೆ ಎಂದರ್ಥ. ರಕ್ತವೂ ಹೀಗೆ ಮೋಸ ಮಾಡುತ್ತದೆ, ರಕ್ತವನ್ನು ಎತ್ತಿ ತೋರಿಸುವ ಗ್ರೇಡಿಯಂಟ್ ಚಿತ್ರದ ಜೊತೆ ತಾಳೆ ಹಾಕಿ. ಐದನೇ ವಾರಕ್ಕೆ ಎಡಿಸಿಯ ಆ ಕಪ್ಪು ಮಾಸಿರುತ್ತದೆ, ಹಾಗಾಗಿ ಹಳೆಯ ಸಿ.ಡಿ.ಯನ್ನೇ ತರಿಸಿ. ಆ ಚುಕ್ಕೆ ಆರ್ಕ್ಯುಯೇಟ್ ದಾರಿಯ ಮೇಲೇ ಕೂತಿದ್ದರೆ ಚೇತರಿಕೆ ನಿಧಾನ.

ಬಾತಿಗುಡ್ಡ (ನರಶಸ್ತ್ರಚಿಕಿತ್ಸೆ)

ನೀವು ಬರೆದ ತಪ್ಪುಗಳೇ ದಾರಿ ಹೇಳುತ್ತಿವೆ. ಎಚ್ಚರದಲ್ಲಿಟ್ಟು ಮಾಡುವ ಆಪರೇಷನ್ನಿನಲ್ಲಿ 60 ಹರ್ಟ್ಸ್‌ನ ಕೆಲವೇ ಮಿಲಿಆಂಪಿಯರ್ ವಿದ್ಯುತ್ತನ್ನು ಆರ್ಕ್ಯುಯೇಟ್‌ಗೆ ಮುಟ್ಟಿಸಿದರೆ ಇದೇ ರೀತಿ ಅಕ್ಷರ ಪಲ್ಲಟವಾಗುತ್ತದೆ. ಪದದ ಅರ್ಥವನ್ನು ಸಾಗಿಸುವ ಕೆಳದಾರಿಯಾದ ಐಎಫ್‌ಒಎಫ್ ಎಳೆಕಟ್ಟಿಗೆ ಮುಟ್ಟಿಸಿದರೆ ಆನೆಯ ಚಿತ್ರಕ್ಕೆ 'ಕುದುರೆ' ಎನ್ನುತ್ತಾರೆ. ನಿಮ್ಮ ರೋಗಿಯಲ್ಲಿ ಅರ್ಥದ ದಾರಿ ಗಟ್ಟಿಯಾಗಿದೆ, ಆಸರೆ ಅದೇ. ಮೆದುಳಿನ ಹೊರಪದರದ ಕೆಲಸವನ್ನು ಪಕ್ಕದ ಭಾಗ ಎಷ್ಟೋ ಬಾರಿ ವಹಿಸಿಕೊಳ್ಳುತ್ತದೆ. ಒಳಗಿನ ಬಿಳಿ ತಂತು ಕಡಿದರೆ ಆ ಅನುಕೂಲ ಬಹಳ ಕಡಿಮೆ.

ಇದನ್ನು ಎಸ್‌ಎಂಎ (ಮೆದುಳಿನ ಮುಂಭಾಗದಲ್ಲಿ ಚಲನೆ, ಮಾತು ಶುರುಮಾಡಿಸುವ ಜಾಗ) ಆಪರೇಷನ್ ನಂತರದ ಮೌನದ ಜೊತೆ ಬೆರೆಸಬೇಡಿ. ಅಲ್ಲಿ ಮಾತು ಶುರುವಾಗುವುದೇ ಇಲ್ಲ, ಆದರೆ ಬಹುತೇಕ ವಾರಗಳಲ್ಲಿ ಇಲ್ಲವೇ ಕೆಲವು ತಿಂಗಳಲ್ಲಿ ತಾನಾಗಿ ಮರಳುತ್ತದೆ.

ಒಂದು ಎಚ್ಚರಿಕೆ: ಸುಧಾರಿಸುತ್ತಿದ್ದ ಮಾತು ಮತ್ತೆ ಹದಗೆಟ್ಟರೆ ಅಭ್ಯಾಸ ಸಾಲದು ಎಂದುಕೊಳ್ಳಬೇಡಿ. ಸ್ಟೀರಾಯ್ಡ್ ಇಳಿಸುವಾಗ ಬಾವು ಮರುಕಳಿಸುವುದು, ಫಿಟ್ಸ್, ಸೋಂಕು, ಇವೆಲ್ಲ ಮೊದಲು ಮಾತಿನಲ್ಲೇ ಕಾಣಬಹುದು. ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ಫಿಟ್ಸ್ ಮಾತ್ರೆಯನ್ನು ಮನೆಯವರು ತಾವಾಗಿ ನಿಲ್ಲಿಸುವಂತಿಲ್ಲ.

ಒತ್ತಕ್ಷರ (ವಾಕ್ ಚಿಕಿತ್ಸೆ)

ಅಕ್ಕ, ಕನ್ನಡದಲ್ಲಿ ಪದದ ಉದ್ದವೇ ಹೊರೆ. 'ಮನೆ' ಬರುತ್ತದೆ, 'ಮನೆಯಲ್ಲಿ' ತಡವರಿಸುತ್ತದೆ, 'ಮನೆಯಲ್ಲಿದ್ದವರಿಗೆ' ಕುಸಿಯುತ್ತದೆ. ಮೊದಲು ಎರಡು, ಮೂರು, ನಾಲ್ಕು ಅಕ್ಷರದ ಪದಗಳು ತಲಾ ಹತ್ತು, ಆಮೇಲೆ ಅರ್ಥವಿಲ್ಲದ ಪದ ಹತ್ತು ಹೇಳಿಸಿ, ಬಿದ್ದ ಮೆಟ್ಟಿಲನ್ನು ಗುರುತು ಹಾಕಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರು.

ಬರೀ 'ನಾನು ಹೇಳಿದ್ದನ್ನು ಹೇಳಿ' ಎನ್ನುವುದು ಮುರಿದ ಸೇತುವೆಯ ಮೇಲೇ ಗಾಡಿ ಓಡಿಸಿದಂತೆ. ಮಂಡಕ್ಕಿ ತುಂಬಿದ ಬಟ್ಟಲನ್ನೇ ಎದುರಿಗಿಡಿ. ಯಾವುದರ ಜೊತೆ ತಿನ್ನುತ್ತಾರೆ, ಕೈಯಲ್ಲಿ ಹಿಡಿದರೆ ಹೇಗಿರುತ್ತದೆ ಎಂದು ಕೇಳಿ, 'ಮಂ' ಎಂದು ಬರೆದ ಚೀಟಿ ತೋರಿಸಿ. ಅರ್ಥದಿಂದ ಪದಕ್ಕೆ ಬರಲಿ. ಮೂರನೇ ಯತ್ನವೂ ತಪ್ಪಿದರೆ ನಿಲ್ಲಿಸಿ ಪೂರ್ತಿ ಪದ ಬರೆದು ತೋರಿಸಿ, ಐದು ಎಣಿಸಿ, ಓದಿಸಿ. ತಪ್ಪನ್ನು ಬೆನ್ನಟ್ಟಲು ಬಿಟ್ಟರೆ ತಪ್ಪೇ ಅಭ್ಯಾಸವಾಗುತ್ತದೆ.

ಮನೆಗೆ ಇಪ್ಪತ್ತು ಪದ ಕೊಡಿ, ಅವರೇ ದಿನಾ ಬಳಸುವಂಥವು. ಹದಿನೈದು ನಿಮಿಷದಂತೆ ಬೆಳಿಗ್ಗೆ ಎರಡು ಸಲ, ಸಂಜೆ ಒಂದು ಸಲ. ರೇಡಿಯೇಷನ್ ನಡೆಯುತ್ತಿದ್ದರೆ ಅದಕ್ಕೆ ಮುಂಚೆಯೇ, ಆಮೇಲೆ ಮಾಡಿಸಿದರೆ ಆಯಾಸದಿಂದ ಅಂಕ ಇಳಿಯುತ್ತದೆ. ನಡುವಾರದಲ್ಲಿ ವಿಡಿಯೋ ಕರೆ ಮಾಡಿ.

ಕೊಂಡಜ್ಜಿ_ದಾರಿ

ತುಂಬಾ ಉಪಕಾರ. ಸಿ.ಡಿ. ತರಿಸುತ್ತೇನೆ. ಮನೆಯವರು ಅವರ ಮಾತನ್ನು ತಾವೇ ಮುಗಿಸಿಬಿಡುತ್ತಾರೆ, ಅದಕ್ಕೆ?

ಒತ್ತಕ್ಷರ

ಹತ್ತು ಸೆಕೆಂಡು ಸುಮ್ಮನಿರಲು ಹೇಳಿ, ಗಡಿಯಾರ ನೋಡಿಕೊಂಡು. ಆಮೇಲೂ ಪದ ಕೊಡಬಾರದು, ಮೊದಲ ಅಕ್ಷರ ಮಾತ್ರ.