ಗೋಲಿನ ಮುಂದೆ ಅಗಳಿ ಹಾಕುವುದೋ, ಎದುರಾಳಿಯ ಅಂಗಳಕ್ಕೆ ನುಗ್ಗುವುದೋ?

ಎರೆಮಣ್ಣು, ಕಲಬುರಗಿ:

ನಗರದ ಕಾಲೇಜೊಂದರ ಹುಡುಗರಿಗೆ ಮೂರು ವರ್ಷಗಳಿಂದ ಸಂಜೆಯ ಹೊತ್ತು ಫುಟ್‌ಬಾಲ್ ಕಲಿಸುತ್ತಿದ್ದೇನೆ. ಕಳೆದ ತಿಂಗಳ ಸೆಮಿಫೈನಲ್‌ನಲ್ಲಿ ನಮಗಿಂತ ಬಲವಾದ ತಂಡ ಎದುರಾದ್ದರಿಂದ ಐವರು ಡಿಫೆಂಡರ್‌ಗಳನ್ನು ಹಿಂದೆ ನಿಲ್ಲಿಸಿ, ಅವರ ಮುಂದೆ ನಾಲ್ವರನ್ನಿರಿಸಿ, ಒಬ್ಬನನ್ನೇ ಮುಂದೆ ಬಿಟ್ಟೆ. ಎಂಬತ್ತು ನಿಮಿಷ ಗೋಡೆ ಅಲುಗಲಿಲ್ಲ. ಆಮೇಲೆ ನಮ್ಮ ಸ್ಟಾಪರ್ (ಹಿಂದಿನ ಸಾಲಿನ ನಡುವೆ ನಿಲ್ಲುವ ಡಿಫೆಂಡರ್) ತಲೆಯಿಂದ ಹೊರಹಾಕಿದ ಚೆಂಡು ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ, ನಮ್ಮವರು ಯಾರೂ ಇಲ್ಲದ ಜಾಗದಲ್ಲಿ ಬಿದ್ದು, ಒಮ್ಮೆ ಪುಟಿದು, ಎದುರಾಳಿಯ ಕಾಲಿಗೆ ಸಿಕ್ಕಿತು. ಮುಂದೆ ನಮ್ಮ ಹುಡುಗರೇ ಗುಂಪಾಗಿ ನಿಂತಿದ್ದರಿಂದ ಗೋಲ್‌ಕೀಪರನಿಗೆ ಅವನು ಒದ್ದದ್ದೇ ಕಾಣಲಿಲ್ಲ. 0-1.

"ಆಡಿ ಸೋತಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ, ಸರ್" ಎಂದು ಒಬ್ಬ ಹುಡುಗ ಹೇಳಿದ ಮಾತು ಇನ್ನೂ ಕೊರೆಯುತ್ತಿದೆ. ದುರ್ಬಲ ತಂಡಕ್ಕೆ ರಕ್ಷಣಾತ್ಮಕ ಆಟವೇ ಸರಿಯೇ, ಅಥವಾ ನಮ್ಮ ಈ ಬಿಸಿಲಿನಲ್ಲೂ ಮುಂದೆ ಹೋಗಿಯೇ ಆಡಿಸಬೇಕೇ? ಬಲ್ಲವರು ತಿಳಿಸಬೇಕು.

ಹಳೆಯ ಸ್ಟಾಪರ್, ಬೀದರ್:

ರಕ್ಷಣಾತ್ಮಕ ಆಟವನ್ನು ಹೇಡಿಗಳ ಆಟವೆಂದು ಬಯ್ಯುವುದು ಸುಲಭ. 2004ರ ಯುರೋ ಕಪ್‌ನಲ್ಲಿ ಒಟ್ಟೊ ರೆಹಾಗೆಲ್ ಅವರ ಗ್ರೀಸ್ ತಂಡವು ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸನ್ನೂ, ಸೆಮಿಫೈನಲ್‌ನಲ್ಲಿ ಜೆಕ್ ಗಣರಾಜ್ಯವನ್ನೂ, ಫೈನಲ್‌ನಲ್ಲಿ ಪೋರ್ಚುಗಲ್ಲನ್ನು ಅವರದೇ ನೆಲದಲ್ಲೂ 1-0 ಅಂತರದಿಂದಲೇ ಸೋಲಿಸಿತು. ಆ ಮೂರೂ ಗೋಲುಗಳು ತಲೆಯಿಂದ ಬಂದವು. ಅಂದರೆ ಅವರು ಗೋಲು ಬರುವ ದಾರಿ ಯಾವುದೆಂದು ಮೊದಲೇ ತೀರ್ಮಾನಿಸಿಕೊಂಡು ಹಿಂದೆ ನಿಂತಿದ್ದರು. ಗುರುಗಳೇ, ನಿಮ್ಮ ತಂಡಕ್ಕೆ ಅಂಥ ದಾರಿ ಯಾವುದಿತ್ತು?

ಇಟಲಿಯವರ ರಕ್ಷಣಾತ್ಮಕ ಆಟದ ಶೈಲಿಗಿರುವ 'ಕತೆನಾಚ್ಚೊ' ಎಂಬ ಹೆಸರಿಗೆ ಬಾಗಿಲ ಅಗಳಿ ಎಂದೇ ಅರ್ಥ. ಎಲೆನಿಯೊ ಎರೆರಾ ಅವರ ಇಂಟರ್ ಮಿಲಾನ್ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದದ್ದು ಅಗಳಿ ಹಾಕಿದ್ದರಿಂದ ಮಾತ್ರವಲ್ಲ. ಎಡ ಬ್ಯಾಕ್ ಆಗಿದ್ದ ಫಾಕ್ಕೆಟ್ಟಿ ಚೆಂಡು ಸಿಕ್ಕೊಡನೆ ಇಡೀ ಮೈದಾನ ದಾಟಿ ಓಡುತ್ತಿದ್ದುದರಿಂದಲೂ ಹೌದು. ನಮ್ಮ ಕೋಟೆಯ ಬದಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವಿದೆ, ಆದರೆ ಬುರುಜಿನ ಮೇಲೆ ತೋಪೂ ಇದೆ. ನೀವು ಕಂದಕ ತೋಡಿಸಿದಿರಿ, ತೋಪು ಮರೆತಿರಿ.

ಬಲಗಾಲು, ಯಾದಗಿರಿ:

ಹಿರಿಯರ ಮಾತಿಗೆ ಅರ್ಧ ಮಾತ್ರ ಒಪ್ಪಿಗೆ. ಅದೇ ಎರೆರಾ ಅವರ ಇಂಟರ್ 1967ರಲ್ಲಿ ಲಿಸ್ಬನ್ ಫೈನಲ್‌ನಲ್ಲಿ ಆರಂಭದಲ್ಲಿಯೇ ಪೆನಾಲ್ಟಿಯಿಂದ ಮುಂದಾಗಿ, ಬಾಗಿಲು ಹಾಕಿಕೊಂಡು ಕುಳಿತು, ಅಲೆ ಅಲೆಯಾಗಿ ನುಗ್ಗಿದ ಸೆಲ್ಟಿಕ್‌ಗೆ 2-1ರಿಂದ ಸೋತಿತು. ತೊಂಬತ್ತು ನಿಮಿಷ ಚೆಂಡಿನ ಹಿಂದೆ ಓಡುವವನಿಗೆ ಕಾಲಿಗಿಂತ ಮೊದಲು ತಲೆ ದಣಿಯುತ್ತದೆ ಎಂಬುದು ಆಡುವವನಾಗಿ ನನ್ನ ಅನುಭವ. ಹುಡುಗರು ಮೈದಾನಕ್ಕೆ ಬರುವುದೇ ಗೋಲು ಹೊಡೆಯುವ ಆಸೆಯಿಂದ, ಸರ್.

ನಿವೃತ್ತ ದೈಹಿಕ ಶಿಕ್ಷಕ, ಕಲಬುರಗಿ:

ಇಬ್ಬರೂ ಬಲವಾದ ಉದಾಹರಣೆ ಕೊಟ್ಟಿದ್ದೀರಿ. ಆದರೆ ಪ್ರಶ್ನೆಯಲ್ಲಿರುವ ಗೋಲನ್ನು ಯಾರೂ ಸರಿಯಾಗಿ ನೋಡಲಿಲ್ಲ. ಐವರ ಸಾಲು, ನಾಲ್ವರ ಸಾಲು ಎರಡೂ ಬಾಕ್ಸಿನೊಳಗೇ ಕುಸಿದಿದ್ದರಿಂದ ಅಂಚಿನ ಜಾಗ ಬರಿದಾಯಿತು. ಇದು ಶೈಲಿಯ ತಪ್ಪಲ್ಲ, ಅಂತರದ ತಪ್ಪು. ಎರಡು ಸಾಲುಗಳ ನಡುವೆ ಹತ್ತು ಹನ್ನೆರಡು ಹೆಜ್ಜೆ ಉಳಿಯಬೇಕು. ಸ್ಟಾಪರ್ ಚೆಂಡನ್ನು ಹೊರಹಾಕಿದ ಕ್ಷಣವೇ "ಹೊರಗೆ" ಎಂದು ಒಬ್ಬ ಕೂಗಬೇಕು, ಎಲ್ಲರೂ ಒಟ್ಟಿಗೆ ಐದು ಹೆಜ್ಜೆ ಮುಂದೆ ಬರಬೇಕು. ಆಗ ಎರಡನೆಯ ಚೆಂಡು, ಅಂದರೆ ಹಾಗೆ ಹೊರಬಿದ್ದ ಚೆಂಡು, ನಿಮ್ಮದಾಗುತ್ತದೆ, ಕೀಪರನಿಗೂ ಎದುರು ಕಾಣುತ್ತದೆ.

ಬಿಸಿಲಿನ ವಿಚಾರ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪಂದ್ಯದುದ್ದಕ್ಕೂ ಪ್ರೆಸ್ ಮಾಡಿಸುವುದು, ಅಂದರೆ ಚೆಂಡಿರುವ ಎದುರಾಳಿಯ ಮೇಲೆ ಓಡಿ ಎರಗಿಸುವುದು, ಹುಡುಗರ ಜೀವದ ಜೊತೆ ಆಟವಾಡಿದಂತೆ. ಎದುರಾಳಿ ತನ್ನ ಮೂಲೆಯಲ್ಲಿ ಥ್ರೋ ಎಸೆಯುವಾಗ, ಇಲ್ಲವೇ ಬೆನ್ನು ತಿರುಗಿಸಿ ಚೆಂಡು ಪಡೆಯುವಾಗ ಮಾತ್ರ ಮೂವರು ಒಟ್ಟಿಗೆ ಎರಗಲಿ. ಉಳಿದ ಹೊತ್ತು ಜಾಗ ಕಾಯಲಿ. ಚೆಂಡು ಸಿಕ್ಕರೆ ಕಣ್ಣು ಮುಚ್ಚಿ ಒದೆಯದೆ ನಾಲ್ಕಾರು ಪಾಸ್ ಆಡಲಿ, ಅದೇ ಅವರ ವಿಶ್ರಾಂತಿ. 2010ರ ವಿಶ್ವಕಪ್‌ನಲ್ಲಿ ಸ್ಪೇನ್ ಏಳು ಪಂದ್ಯಗಳಲ್ಲಿ ಹೊಡೆದದ್ದು ಎಂಟೇ ಗೋಲು, ಬಿಟ್ಟದ್ದು ಎರಡು. ಅಂದವಾದ ಆಕ್ರಮಣವೆಂದು ನಾವು ಹೊಗಳಿದ ಆ ಪಾಸ್‌ಗಳ ಆಟದಲ್ಲಿ ಎಷ್ಟು ಪಾಲು ರಕ್ಷಣೆಯಿತ್ತೆಂದು ನೀವೇ ಲೆಕ್ಕ ಹಾಕಿ.

ದೂರದ ಯುರೋಪೇ ಏಕೆ? 1956ರ ತನಕ ನಾವೂ ಸೇರಿದ್ದ ಹೈದರಾಬಾದ್ ರಾಜ್ಯದ ಫುಟ್‌ಬಾಲ್ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಸಾಹೇಬರೂ ಶಿಕ್ಷಕರೇ. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಭಾರತ ತಂಡದ ಸ್ಟಾಪರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಸೆಂಟರ್ ಫಾರ್ವರ್ಡ್ ಆಗಿ ಆಡಿಸಿದರು. ಆತ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದ ಫೈನಲ್‌ನಲ್ಲೂ ಹೊಡೆದರು. ಕೈಯಲ್ಲಿರುವ ಆಟಗಾರರಲ್ಲಿ ಯಾರಿಗೆ ಏನು ಬರುತ್ತದೆ ಎಂಬುದನ್ನು ಮೊದಲು ನೋಡಿದವರು ಅವರು. ನಿಮ್ಮ ಹನ್ನೊಂದು ಜನರಲ್ಲಿ ವೇಗವಾಗಿ ಓಡುವವರು ಎಷ್ಟು, ಅವರನ್ನು ಎಲ್ಲಿ ನಿಲ್ಲಿಸಿದ್ದಿರಿ?

ಎರೆಮಣ್ಣು, ಕಲಬುರಗಿ:

ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕರ ಕೊನೆಯ ಪ್ರಶ್ನೆಗೆ ಉತ್ತರಿಸಲು ಸಂಕೋಚವಾಗುತ್ತಿದೆ: ವೇಗದವರು ಇಬ್ಬರಿದ್ದಾರೆ, ಇಬ್ಬರನ್ನೂ ಆ ಐವರ ಸಾಲಿನ ಎರಡು ತುದಿಗಳಲ್ಲಿ ನಿಲ್ಲಿಸಿ, ಅರ್ಧಗೆರೆ ದಾಟಬಾರದೆಂದು ನಾನೇ ಹೇಳಿದ್ದೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮುನ್ನ, ಸಾಲುಗಳ ಅಂತರಕ್ಕೆ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿಸುತ್ತೇನೆ. ಎಡಗಡೆಯ ಹುಡುಗನಿಗೆ ಗೆರೆ ದಾಟಲು ಅನುಮತಿ ಕೊಡುತ್ತೇನೆ. ಅವನು ಮುಂದೆ ಓಡಿದಾಗ ಹಿಂದೆ ತೆರವಾಗುವ ಜಾಗವನ್ನು ಸ್ಟಾಪರ್ ತುಂಬಬೇಕೋ, ಮಿಡ್‌ಫೀಲ್ಡರ್ ತುಂಬಬೇಕೋ ಎಂಬುದನ್ನು ಬೀದರಿನ ಹಿರಿಯರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಸ್ಟಾಪರ್, ಬೀದರ್:

ಮಿಡ್‌ಫೀಲ್ಡರ್. ಸ್ಟಾಪರನನ್ನು ನಡುವಿನಿಂದ ಕದಲಿಸಬೇಡಿ.