ಎಂ-51 ಪಾರ್ಕಾ ಅಂತ ಸಿಕ್ಕಿದೆ, ಆದರೆ ಹುಡ್ ಬಿಚ್ಚಲು ಬರುತ್ತದೆ: ಇದು ಮಾಡ್‌ಗಳ ಕಾಲದ್ದೇ?

ಲಾಡಿಗಂಟು:
ಎಂ-51 ಫಿಶ್‌ಟೇಲ್ ಪಾರ್ಕಾ (ಅಮೆರಿಕದ ಸೇನೆಯ, ಹುಡ್ ಅಂದರೆ ತಲೆಮುಸುಕು ಇರುವ ಉದ್ದನೆಯ ಚಳಿಕೋಟು) ಎಂಬ ಹೆಸರಲ್ಲಿ ಸಿಕ್ಕಿರುವ ಜಾಕೆಟ್. ಆಲಿವ್ ಹಸಿರು, ಹಿಂಬದಿ ಸೀಳಿಕೊಂಡು ಮೀನಿನ ಬಾಲದ ಹಾಗೆ ಇಳಿದಿದೆ. ಹುಡ್ ಪೂರ್ತಿ ಬಿಚ್ಚಿ ತೆಗೆಯಬಹುದು. ಒಳಗಿನ ಲೈನರ್ ಹೊಲಿಗೆ ಹಾಕಿದ ತೆಳು ರಜಾಯಿಯಂಥ ನೈಲಾನ್. ಚೀಟಿ ಅರ್ಧ ಅಳಿಸಿದೆ, ಓದಲು ಸಿಗುವುದು "ಡಿಎಸ್‌ಎ 100-68-ಸಿ" ಅಷ್ಟೇ. 1964ರ ಮಾಡ್ ಹುಡುಗರು (ಸೂಟು, ಸ್ಕೂಟರುಗಳ ಗೀಳಿನ ಬ್ರಿಟನ್ನಿನ ಯುವಪಂಗಡ) ಸ್ಕೂಟರ್ ಮೇಲೆ ಹಾಕುತ್ತಿದ್ದದ್ದು ಇದನ್ನೇನಾ? ಇನ್ನೊಂದು, ಹಿತ್ತಾಳೆ ಜಿಪ್ ಮೇಲಕ್ಕೇನೋ ಏರುತ್ತದೆ, ಏರಿದ ಹಾಗೆ ಕೆಳಗಿನಿಂದ ಬಾಯಿ ಬಿಡುತ್ತದೆ. ಬದಲಾಯಿಸದೆ ಸರಿಹೋಗುತ್ತದೆಯೇ? ಒಗೆಯುವ ಕ್ರಮವನ್ನೂ ಹೇಳಿ.

ಬಾಲಪಾರ್ಕಾ:
ಇದು ಎಂ-65, ಅಂದರೆ ಎಂ-51ರ ನಂತರದ ಮಾದರಿ. ಚೀಟಿಯೇ ಹೇಳುತ್ತಿದೆ. ಡಿಎಸ್‌ಎ ಎಂದರೆ ಅಮೆರಿಕದ ರಕ್ಷಣಾ ಸರಬರಾಜು ಸಂಸ್ಥೆ, ಮಧ್ಯದ 68 ಗುತ್ತಿಗೆಯಾದ ಹಣಕಾಸು ವರ್ಷ. ಆ ಸಂಸ್ಥೆಯ ಹೆಸರು 1977ರಲ್ಲಿ ಬದಲಾಯಿತು, ಅಲ್ಲಿಂದಾಚೆಗಿನ ಚೀಟಿಗಳಲ್ಲಿ "ಡಿಎಲ್‌ಎ" ಇರುತ್ತದೆ. 1968ರ ಗುತ್ತಿಗೆಯ ಬಟ್ಟೆ 1964ರಲ್ಲಿ ಯಾರ ಮೈಮೇಲೂ ಇರಲು ಸಾಧ್ಯವಿಲ್ಲ.

ಚೀಟಿ ಪೂರ್ತಿ ಹೋಗಿದ್ದರೂ ಕೈಯಿಂದ ಮುಟ್ಟಿ ಹೇಳಬಹುದು. ಮೊದಲು ಹುಡ್ ನೋಡಿ. ಎಂ-51ರಲ್ಲಿ ಹೊರಬಟ್ಟೆಯ ಹುಡ್ ಕತ್ತಿಗೇ ಹೊಲಿದಿರುತ್ತದೆ, ಅದರೊಳಗೆ ಉಣ್ಣೆಯ ಇನ್ನೊಂದು ಹುಡ್ ಬೇರೆಯಾಗಿ ಕೂರುತ್ತದೆ. ಮಾರುವವರು ಈ ಒಳ ಹುಡ್ ತೋರಿಸಿ "ಬಿಚ್ಚಲು ಬರುತ್ತೆ" ಎನ್ನುವುದರಿಂದಲೇ ಅರ್ಧ ಗೊಂದಲ. ಹೊರ ಹುಡ್ಡೇ ಕೈಗೆ ಬಂದರೆ ಅದು ಎಂ-65. ಆಮೇಲೆ ಲೈನರ್: ಎಂ-51ರದ್ದು ಗುಂಡಿ ಹಾಕಿ ಸೇರಿಸುವ, ದಪ್ಪ ಜೂಲಿನ ಉಣ್ಣೆ. ಎತ್ತಿದರೆ ಕಂಬಳಿ ಎತ್ತಿದ ಹಾಗಿರುತ್ತದೆ. ಎಂ-65ರದ್ದು ನಿಮ್ಮದರಂತೆ ಹಗುರ ನೈಲಾನ್. ಎಡತೋಳಿನ ಮೇಲೆ ಜೇಬಿದ್ದರೆ ಅದು ಇನ್ನೂ ಹಳೆಯ ಎಂ-48. ಅದು ತಯಾರಿಸಲು ದುಬಾರಿಯಾಗಿತ್ತು, ಕಡಿಮೆ ಕಾಲ ನಡೆಯಿತು, ಸಿಗುವುದು ಅಪರೂಪ.

ಆ ಬಾಲ ಅಲಂಕಾರಕ್ಕಲ್ಲ. ಸೀಳಿನ ಎರಡು ತುಂಡುಗಳನ್ನು ಲಾಡಿಯಿಂದ ತೊಡೆಗೆ ಕಟ್ಟಿದರೆ ಗಾಳಿ ಕೆಳಗಿನಿಂದ ನುಗ್ಗುವುದಿಲ್ಲ. ಕೊರಿಯಾ ಯುದ್ಧದ ಚಳಿಯಲ್ಲಿ ಬಳಕೆಗೆ ಬಂದ ಉಪಾಯ ಇದು. ಬ್ರಿಟನ್ನಿನ ಹುಡುಗರಿಗೆ ಬೇಕಾಗಿದ್ದದ್ದು ಬೇರೆ. ಲ್ಯಾಂಬ್ರೆಟಾ, ವೆಸ್ಪಾಗಳ ಮೇಲೆ ಕೂತಾಗ ರಸ್ತೆಯ ಕೆಸರು, ಎಣ್ಣೆ ಹಾರಿ ಮೊಹೇರ್ (ಆಡಿನ ಕೂದಲಿನ ಹೊಳಪು ಬಟ್ಟೆ) ಸೂಟು ಹಾಳಾಗುತ್ತಿತ್ತು. ಸೇನೆಯ ಹಳೆ ಸರಕಿನ ಅಂಗಡಿಗಳಲ್ಲಿ ಪಾರ್ಕಾ ಅಗ್ಗ, ಮೊಣಕಾಲಿನವರೆಗೆ ಉದ್ದ, ಸೂಟಿನ ಮೇಲೆ ಸುಕ್ಕಾಗದೆ ಕೂರುವಷ್ಟು ಸಡಿಲ. ಮಾಡ್‌ಗೆ ಮುಖ್ಯವಾದದ್ದು ಒಳಗಿನ ಸೂಟು, ಪಾರ್ಕಾ ಅದರ ಹೊದಿಕೆ. 1964ರ ಈಸ್ಟರ್‌ಗೆ ಕ್ಲ್ಯಾಕ್ಟನ್‌ನಲ್ಲಿ, ಮೇ ತಿಂಗಳಲ್ಲಿ ಬ್ರೈಟನ್, ಮಾರ್ಗೇಟ್‌ಗಳಲ್ಲಿ ಮೋಟರ್‌ಸೈಕಲ್ ಪಂಗಡದ ರಾಕರ್‌ಗಳೊಂದಿಗೆ ಗಲಾಟೆಯಾಗಿ ಪತ್ರಿಕೆಗಳ ತುಂಬ ಚಿತ್ರ ಬಂದ ಮೇಲೆ ಆ ಹೊದಿಕೆಯೇ ಗುರುತಾಗಿಬಿಟ್ಟಿತು.

ಹಾಗಂತ ನಿಮ್ಮದು ಕಳಪೆಯಲ್ಲ. 1979ರ ಸುಮಾರಿಗೆ ಮಾಡ್ ಅಲೆ ಮತ್ತೆ ಎದ್ದಾಗ ಎಂ-65ಗೂ ವಯಸ್ಸಾಗಿತ್ತು. ಆ ಪೀಳಿಗೆಗೆ ನಿಮ್ಮ ಜಾಕೆಟ್ ಸರಿಯಾಗಿ ಹೊಂದುತ್ತದೆ. ಅಳತೆಯಲ್ಲಿ ಮಾತ್ರ ಎಚ್ಚರ: ಪದರದ ಮೇಲೆ ಪದರ ಹಾಕಿ, ಅದರ ಮೇಲೆ ತೊಡಲೆಂದು ಹೊಲಿದದ್ದು. ಎಂದಿನ ಅಳತೆಗಿಂತ ಎರಡು ಮೆಟ್ಟಿಲು ಕೆಳಗಿನದು ಸರಿಹೋಗುತ್ತದೆ.

ಸೂಜಿಮೊನೆ:
ಜಿಪ್ ಬದಲಾಯಿಸಬೇಡಿ. ಹಲ್ಲುಗಳು ಸಾಲಾಗಿದ್ದರೆ ದೋಷ ಸ್ಲೈಡರ್‌ನಲ್ಲೇ. ವರ್ಷಗಟ್ಟಲೆ ಎಳೆದೆಳೆದು ಅದರ ಹಿಂದಿನ ಬಾಯಿ ಅಗಲವಾಗಿರುತ್ತದೆ. ಹಲ್ಲುಗಳನ್ನು ಪಕ್ಕಪಕ್ಕ ತರುತ್ತದೆ, ಒತ್ತಿ ಕೂರಿಸುವುದಿಲ್ಲ.

ಕೆಲಸ ಹೀಗೆ. ಹಲ್ಲುಗಳ ಮೇಲೆ ಹಸಿರು ಕಿಲುಬು ಇದ್ದರೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದೇ ಹಲ್ಲು ಉಜ್ಜಿ, ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ವಿನೆಗರ್ ಉಳಿದರೆ ಕಿಲುಬು ಮತ್ತೆ ಬರುತ್ತದೆ. ಸ್ಲೈಡರ್ ಅನ್ನು ಜಿಪ್ಪಿನ ಬುಡಕ್ಕೆ ತನ್ನಿ. ಚಿಕ್ಕ ಪ್ಲಯರ್‌ನ ದವಡೆಗೆ ಬಟ್ಟೆ ಸುತ್ತಿ, ಸ್ಲೈಡರ್‌ನ ಕೆಳ ತುದಿಯಲ್ಲಿ, ಅಂದರೆ ಹಲ್ಲು ಕೂಡಿ ಹೊರಬರುವ ಕಡೆ, ಎಡ ಅಂಚನ್ನು ಒಮ್ಮೆ, ಬಲ ಅಂಚನ್ನು ಒಮ್ಮೆ ಹಗುರವಾಗಿ ಒತ್ತಿ. ಎಳೆದು ನೋಡಿ. ಸಾಲದಿದ್ದರೆ ಮತ್ತೊಂದು ಸಣ್ಣ ಒತ್ತು. ಒಂದೇ ಸಲ ಬಲವಾಗಿ ಹಿಂಡಿದರೆ ಹಳೆ ಸ್ಲೈಡರ್ ಬಿರುಕು ಬಿಡುತ್ತದೆ, ಅಥವಾ ಜಿಪ್ ಕಚ್ಚಿಕೊಂಡು ಅಲ್ಲಾಡುವುದೇ ಇಲ್ಲ. ಕೊನೆಗೆ ಹಲ್ಲುಗಳ ಮೇಲೆ ಮೇಣದಬತ್ತಿ ತಿಕ್ಕಿ. ಎಣ್ಣೆ ಬೇಡವೇ ಬೇಡ. ಹತ್ತಿಬಟ್ಟೆಗೆ ಇಳಿದ ಕಲೆ ಹೋಗುವುದಿಲ್ಲ, ಮೇಲೆ ಧೂಳೂ ಮೆತ್ತಿಕೊಳ್ಳುತ್ತದೆ.

ಒಗೆಯುವಾಗ ಹುಡ್, ಲೈನರ್, ಹೊರ ಕವಚ ಮೂರನ್ನೂ ಬೇರೆ ಮಾಡಿ. ಜಿಪ್ ಮುಚ್ಚಿ, ಲಾಡಿಗಳ ತುದಿಗೆ ಗಂಟು ಹಾಕಿ. ಇಲ್ಲದಿದ್ದರೆ ಲಾಡಿ ಒಳಕ್ಕೆ ಜಾರಿದರೆ ಮತ್ತೆ ಪೋಣಿಸುವುದೇ ಅರ್ಧ ದಿನದ ಕೆಲಸ. 30 ಡಿಗ್ರಿ ಮೀರದ ನೀರು, ಬ್ಲೀಚ್ ಇಲ್ಲದ ಸೋಪು. ನೆರಳಲ್ಲಿ ಒಣಗಿಸಿ.

ಕಾಲರ್ಪಟ್ಟಿ:
ಎಂ-51ರ ಉಣ್ಣೆ ಲೈನರ್ ಯಾರಿಗಾದರೂ ಸಿಕ್ಕರೆ ಒಂದು ಮಾತು: ಒಗೆಯುವ ಮೊದಲು ಹುಳು ನೋಡಿ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬಾರದು, ಬಿಚ್ಚಿದರೆ ತೇವ ಬಟ್ಟೆಯ ಮೇಲೆ ಕೂರುತ್ತದೆ.

ಸ್ಕಿನ್‌ಹೆಡ್‌ಗಳ (ತಲೆಗೂದಲು ತೀರ ಚಿಕ್ಕದಾಗಿ ಕತ್ತರಿಸಿಕೊಳ್ಳುವ ಬ್ರಿಟನ್ನಿನ ಇನ್ನೊಂದು ಯುವಪಂಗಡ) ಎಂಎ-1 ಎಂಬ ವಿಮಾನ ಚಾಲಕರ ಜಾಕೆಟ್‌ಗೂ ಇದೇ ಕಾಟ. ಮೈ ನೈಲಾನ್, ಆದರೆ ಕಾಲರ್, ಮಣಿಕಟ್ಟು, ಸೊಂಟದ ಹೆಣಿಗೆ ಪಟ್ಟಿ ಹಳೆಯವುಗಳಲ್ಲಿ ಉಣ್ಣೆ. ಹುಳು ಅಲ್ಲೇ ಮೊದಲು ತಿನ್ನುತ್ತದೆ. ಇಲ್ಲೂ ಕಾಲದ ಗೊಂದಲವಿದೆ: 1969ರ ಮೊದಲ ಸ್ಕಿನ್‌ಹೆಡ್‌ಗಳದ್ದು ಹೆಚ್ಚಾಗಿ ಹ್ಯಾರಿಂಗ್ಟನ್, ಡಾಂಕಿ ಎಂಬ ಜಾಕೆಟ್‌ಗಳು, ಕ್ರೋಂಬಿ ಎಂಬ ಓವರ್‌ಕೋಟು. ಎಂಎ-1 ಬಳಕೆಗೆ ಬಂದದ್ದು 1970ರ ದಶಕದ ಕೊನೆಯ ಎರಡನೇ ಅಲೆಯಲ್ಲಿ. ಒಳಗಿನ ಕಿತ್ತಳೆ ಬಣ್ಣ ಇದ್ದದ್ದು ವಿಮಾನ ಬಿದ್ದಾಗ ಜಾಕೆಟ್ ತಿರುಗಿಸಿ ಹಾಕಿಕೊಂಡು ದೂರದಿಂದ ಕಾಣಲು.

ಲಾಡಿಗಂಟು:
ಎರಡು ಸಣ್ಣ ಒತ್ತಿಗೇ ಜಿಪ್ ಹಲ್ಲು ಕಚ್ಚಿತು. ಧನ್ಯವಾದ. ಇದೇ ಲೆಕ್ಕದಲ್ಲಿ 1960ರ ದಶಕದ ಪಾಪ್ ಗಾಯಕರು ಹಾಕುತ್ತಿದ್ದ ಕೆಂಪು ಬ್ಯಾಂಡ್ ಕೋಟುಗಳನ್ನೂ ಗುರುತಿಸಬಹುದೇ?

ಹಿತ್ತಾಳೆಗುಂಡಿ:
ಅದಕ್ಕೆ ಗುಂಡಿಗಳೇ ಸಾಕ್ಷಿ. ಬ್ರಿಟನ್ನಿನ ಅರಮನೆ ಕಾಯುವ ಕಾಲಾಳು ಪಡೆಯಾದ ಫುಟ್ ಗಾರ್ಡ್ಸ್‌ನ ಐದು ರೆಜಿಮೆಂಟುಗಳಲ್ಲಿ ಎದೆಯ ಗುಂಡಿಗಳ ಜೋಡಣೆ ಬೇರೆ ಬೇರೆ. ಸಮ ಅಂತರದಲ್ಲಿ ಒಂದೊಂದೇ ಇದ್ದರೆ ಗ್ರೆನೇಡಿಯರ್, ಎರಡೆರಡು ಕೋಲ್ಡ್‌ಸ್ಟ್ರೀಮ್, ಮೂರು ಮೂರು ಸ್ಕಾಟ್ಸ್, ನಾಲ್ಕು ನಾಲ್ಕು ಐರಿಶ್, ಐದೈದು ವೆಲ್ಷ್. ಎದೆ, ತೋಳುಗಳ ತುಂಬ ಬಿಳಿ ಪಟ್ಟಿ, ಅದರ ಮೇಲೆ ನೀಲಿ ಲಿಲ್ಲಿ ಹೂವಿನ ಚಿಹ್ನೆ ಇದ್ದರೆ ಅದು ಗಾರ್ಡ್ಸ್ ಡ್ರಮ್ಮರ್‌ನದು. 1966ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಗಾಯಕ ಮಿಕ್ ಜಾಗರ್ ಟಿವಿಯಲ್ಲಿ ಹಾಕಿಕೊಂಡದ್ದು ಗ್ರೆನೇಡಿಯರ್ ಡ್ರಮ್ಮರ್ ಕೋಟು, ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ 'ಐ ವಾಸ್ ಲಾರ್ಡ್ ಕಿಚನರ್ಸ್ ವ್ಯಾಲೆ' ಅಂಗಡಿಯದ್ದು. 1967ರಲ್ಲಿ ಬೀಟಲ್ಸ್ ಹಾಕಿದ ಬಣ್ಣಬಣ್ಣದ ಸ್ಯಾಟಿನ್ ಸೂಟುಗಳು ಮಾತ್ರ ಸೇನೆಯ ಹಳೆ ಸರಕಲ್ಲ, ವೇಷಭೂಷಣದವರಿಂದ ಹೊಲಿಸಿದವು.

ಕಾಲಕ್ಕೆ ಕಿರೀಟ ನೋಡಿ. ಗುಂಡಿಯ ಮೇಲಿನ ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿದ್ದರೆ ರಾಜರ ಕಾಲ, 1901ರಿಂದ 1952. ನಡುವೆ ತಗ್ಗಿದ್ದರೆ ಎರಡನೇ ಎಲಿಜಬೆತ್ ಕಾಲ. 2022ರ ನಂತರ ಉಬ್ಬಿದ ಆಕಾರವೇ ಮರಳಿದೆ, ಹಾಗಾಗಿ ಹೊಳೆಯುವ ಹೊಸ ಗುಂಡಿ ಕಂಡು ಮೋಸಹೋಗಬೇಡಿ. ಗುಂಡಿ ಕೈಗೆ ಹಗುರವಾಗಿದ್ದರೆ ಅದು ಸ್ಟೇಬ್ರೈಟ್, ಅಂದರೆ ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಅದಕ್ಕೆ ಪಾಲಿಶ್ ಹಾಕಿದರೆ ಚಿನ್ನದ ಬಣ್ಣವೇ ಸವೆದು ಬೂದು ಲೋಹ ಕಾಣುತ್ತದೆ. ಹಿತ್ತಾಳೆಯದಕ್ಕೆ ಪಾಲಿಶ್ ಹಾಕಬಹುದು. ರಟ್ಟಿನಲ್ಲಿ ಸೀಳು ಮಾಡಿ ಗುಂಡಿಯ ಕೆಳಗೆ ತೂರಿಸಿ ಉಜ್ಜಿ, ಬಟ್ಟೆಗೆ ತಾಗಬಾರದು.

ಈ ಕೋಟನ್ನು ನೀರಿಗೆ ಮಾತ್ರ ಹಾಕಬೇಡಿ. ಕೆಂಪು ಬಣ್ಣ ಹರಿದು ಬಿಳಿ ಪಟ್ಟಿ ಗುಲಾಬಿಯಾಗುತ್ತದೆ. ಎದೆಯೊಳಗಿನ ಕ್ಯಾನ್ವಾಸ್, ಮೇಲಿನ ಉಣ್ಣೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಮುಂಭಾಗವೆಲ್ಲ ಸುರುಟಿಕೊಳ್ಳುತ್ತದೆ, ಇಸ್ತ್ರಿ ಹಾಕಿದರೂ ಬಿಡುವುದಿಲ್ಲ. ಮೃದು ಬ್ರಷ್‌ನಿಂದ ಬಟ್ಟೆಯ ನವಿರು ಮಲಗಿರುವ ದಿಕ್ಕಿಗೇ ಗುಡಿಸಿ, ದಪ್ಪ ಹ್ಯಾಂಗರ್‌ಗೆ ಹಾಕಿ ಗಾಳಿಗಿಡಿ.

ಬ್ರಿಟನ್ನಿನಲ್ಲಿ ತೊಡುವುದಾದರೆ 1894ರ ಸಮವಸ್ತ್ರ ಕಾಯಿದೆ ಇನ್ನೂ ಜಾರಿಯಲ್ಲಿದೆ. ಸೇನೆಯಲ್ಲಿಲ್ಲದವರು ಅನುಮತಿಯಿಲ್ಲದೆ ಸೇನೆಯ ಸಮವಸ್ತ್ರವನ್ನಾಗಲಿ, ಅದರಂತೆ ಕಾಣುವ ಅಥವಾ ಅದರ ಗುರುತುಗಳಿರುವ ಉಡುಪನ್ನಾಗಲಿ ತೊಡುವಂತಿಲ್ಲ, ನಾಟಕ, ಮ್ಯೂಸಿಕ್ ಹಾಲ್‌ಗಳಿಗೆ ವಿನಾಯಿತಿಯಿದೆ. ರೆಜಿಮೆಂಟಿನ ಬ್ಯಾಡ್ಜು, ಪದಕ, ದರ್ಜೆಯ ಪಟ್ಟಿ ತೆಗೆದಿಟ್ಟು ಜೀನ್ಸ್ ಮೇಲೆ ಹಾಕುವುದು ಒಳ್ಳೆಯದು. ತೆಗೆದದ್ದನ್ನು ಎಸೆಯದೆ, ಯಾವ ಜಾಗದ್ದೆಂದು ಬರೆದು ಕೋಟಿನ ಜೊತೆಗೇ ಇಡಿ.